ಬಂದೂಕು ಕಂಪನಿಯ ಸನ್ಯಾಸಿನಿ ಷೇರುದಾರರು

ಅರಿಝೋನಾ ಅಂದರೆ ನಮಗೆ ನೆನಪಾಗುವುದು ಮರಳು, ಕಳ್ಳಿ, ಸುಡುಬಿಸಿಲು. ಪ್ರೆಸ್ಕಾಟ್ ಹಾಗಿಲ್ಲ. ಸಮುದ್ರಮಟ್ಟದಿಂದ ಐದು ಸಾವಿರ ಅಡಿಗೂ ಮೇಲೆ, ಪೈನ್ ಮರದ ಗುಡ್ಡಗಳ ನಡುವೆ ಇರುವ ತಂಪಾದ ಊರು. ಊರ ನಡುವೆ ಕಲ್ಲಿನ ಹಳೆಯ ಕೋರ್ಟ್ ಕಟ್ಟಡ, ಸುತ್ತ ಹುಲ್ಲುಹಾಸು, ದೊಡ್ಡ ಮರಗಳ ನೆರಳು. ಅದರ ಪಕ್ಕದ ಬೀದಿಗೆ ವಿಸ್ಕಿ ರೋ ಎಂದೇ ಹೆಸರು. ಗಣಿಗಾರಿಕೆಯ ಕಾಲದಲ್ಲಿ ಅಲ್ಲಿ ಸಾಲಾಗಿ ಹೆಂಡದಂಗಡಿಗಳಿದ್ದವು. ಜುಲೈ ಬಂತೆಂದರೆ ರೋಡಿಯೋ, ಜಗತ್ತಿನಲ್ಲೇ ಅತಿ ಹಳೆಯ ರೋಡಿಯೋ ನಮ್ಮದು ಎಂದು ಊರಿನವರ ಹೆಮ್ಮೆ. ಊರಾಚೆ, ವಿಮಾನ ನಿಲ್ದಾಣದ ಬಳಿ, ಸ್ಟರ್ಮ್ ರೂಗರ್ ಕಂಪನಿಯ ಕಾರ್ಖಾನೆ. ಅಲ್ಲಿ ತಯಾರಾಗುವುದು ಪಿಸ್ತೂಲು.

ಕಂಪನಿಯ ಕೇಂದ್ರ ಕಚೇರಿ ಇದ್ದದ್ದು ದೇಶದ ಇನ್ನೊಂದು ತುದಿಯ ಕನೆಕ್ಟಿಕಟ್‌ನಲ್ಲಿ. ಆದರೆ 2018ರ ಮೇ 9ರ ಬುಧವಾರ ವಾರ್ಷಿಕ ಸಭೆ ಸೇರಿದ್ದು ಪ್ರೆಸ್ಕಾಟ್‌ನಲ್ಲಿ. ಷೇರು ಇಟ್ಟುಕೊಂಡವರಿಗೆಲ್ಲ ಗೊತ್ತು, ಇಂಥ ಸಭೆಗಳಲ್ಲಿ ನೋಡುವಂಥದ್ದು ಏನೂ ಇರುವುದಿಲ್ಲ. ನಿರ್ದೇಶಕರ ಮರುಆಯ್ಕೆ, ಲೆಕ್ಕಪರಿಶೋಧಕರ ನೇಮಕ, ಮೇಲಧಿಕಾರಿಗಳ ಸಂಬಳಕ್ಕೆ ಒಪ್ಪಿಗೆ. ಬಹುಪಾಲು ಮತಗಳು ಮೊದಲೇ ಬಂದು ಬಿದ್ದಿರುತ್ತವೆ. ಅಧ್ಯಕ್ಷರು ಓದುತ್ತಾರೆ, ಕಾರ್ಯದರ್ಶಿ ಎಣಿಕೆ ಹೇಳುತ್ತಾರೆ, ಕಪ್ಪಿನ ಕಾಫಿ ಆರುವಷ್ಟರಲ್ಲಿ ಎಲ್ಲರೂ ಎದ್ದು ಹೊರಟಿರುತ್ತಾರೆ.

ಆ ಸಲ ಕಾರ್ಯಸೂಚಿಯ ಕೊನೆಯಲ್ಲಿ ಒಂದು ವಿಷಯ ಹೆಚ್ಚಿಗೆ ಸೇರಿತ್ತು. ಷೇರುದಾರರಿಗೆ ಮುಂಚಿತವಾಗಿ ಹೋಗುವ ಪುಸ್ತಿಕೆಯಲ್ಲಿ ಅದು ಅಚ್ಚಾಗಿತ್ತು. ಮೇಲೆ ಷೇರುದಾರರ ಗೊತ್ತುವಳಿ, ಕೆಳಗೆ ಅದನ್ನು ತಳ್ಳಿಹಾಕುವ ಆಡಳಿತ ಮಂಡಳಿಯ ಉತ್ತರ, ವಿರೋಧವಾಗಿ ಮತ ಹಾಕಿ ಎಂಬ ಶಿಫಾರಸು. ಮತದ ಚೀಟಿಯಲ್ಲಿ ಮೂರು ಪುಟ್ಟ ಚೌಕ: ಪರ, ವಿರೋಧ, ತಟಸ್ಥ. ಗೊತ್ತುವಳಿ ಬಂದದ್ದು ಕ್ಯಾಥೊಲಿಕ್ ಹೆಲ್ತ್ ಇನಿಷಿಯೇಟಿವ್ಸ್ ಎಂಬ ಆಸ್ಪತ್ರೆಗಳ ಸಂಸ್ಥೆಯಿಂದ, ಜೊತೆಗೆ ನಿಂತವರು ಕ್ರೈಸ್ತ ಸನ್ಯಾಸಿನಿಯರು. ತುರ್ತು ಚಿಕಿತ್ಸಾ ಘಟಕದ ಮೇಜಿನ ಮೇಲೆ ಗುಂಡೇಟಿನ ಗಾಯ ಹೊಲಿಯುವವರು, ಆ ಗುಂಡು ಹಾರಿಸುವ ಯಂತ್ರ ಮಾಡುವವರ ಮುಂದೆ ಪಾಲುದಾರರಾಗಿ ನಿಂತಿದ್ದರು.

ಇವರು ನಾವು ಸಿನಿಮಾದಲ್ಲಿ ನೋಡಿದ ಸನ್ಯಾಸಿನಿಯರಲ್ಲ. ಉದ್ದನೆಯ ನಿಲುವಂಗಿ, ತಲೆಗೆ ಬಿಗಿದ ಬಿಳಿ ಬಟ್ಟೆ, ಯಾವುದೂ ಇಲ್ಲ. ಸಿಸ್ಟರ್ ಜೂಡಿ ಬೈರನ್ ಈ ಗುಂಪಿನಲ್ಲಿ ಹೆಚ್ಚು ಕೇಳಿಬಂದ ಹೆಸರು. ಮಿಷಿಗನ್ ರಾಜ್ಯದ ಏಡ್ರಿಯನ್ ಎಂಬ ಸಣ್ಣ ಊರಿನಲ್ಲಿ ಮಠವಿರುವ ಡೊಮಿನಿಕನ್ ಪಂಥದವರು. ಆಗ ಕೆಲಸ ಸಿಯಾಟಲ್‌ನಲ್ಲಿ, ಹೊಣೆಯರಿತ ಹೂಡಿಕೆಗಾಗಿ ಧಾರ್ಮಿಕ ಸಂಸ್ಥೆಗಳು ಕಟ್ಟಿಕೊಂಡ ಒಕ್ಕೂಟವೊಂದರಲ್ಲಿ. ನೋಡಿದರೆ ನಿವೃತ್ತ ಹೆಡ್‌ಮಿಸ್ಟ್ರೆಸ್ ಅನ್ನಬೇಕು, ಅಷ್ಟು ಸಾದಾ ಉಡುಗೆ.

ಬಡತನದ ವ್ರತ ತೊಟ್ಟವರಿಗೆ ಷೇರು ಎಲ್ಲಿಂದ ಬಂತು ಎಂದು ಕೇಳಬಹುದು. ಜೀವಮಾನವಿಡೀ ಶಾಲೆಯಲ್ಲಿ ಪಾಠ ಹೇಳಿದ, ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡಿದ ಸಿಸ್ಟರ್‌ಗಳಿಗೂ ವಯಸ್ಸಾಗುತ್ತದೆ. ಅವರ ಔಷಧಿ, ಆರೈಕೆಗೆಂದು ಮಠಗಳು ನಿಧಿ ಇಡುತ್ತವೆ, ನಿಧಿ ಮಾರುಕಟ್ಟೆಯಲ್ಲಿ ದುಡಿಯುತ್ತದೆ. ಬಂದೂಕಿನ ಷೇರು ಮಾತ್ರ ಲಾಭಕ್ಕೆ ಕೊಂಡದ್ದಲ್ಲ. ಆಗಿನ ಅಮೆರಿಕದ ನಿಯಮದಂತೆ ಎರಡು ಸಾವಿರ ಡಾಲರ್ ಬೆಲೆಯ ಷೇರನ್ನು ಒಂದು ವರ್ಷ ಕೈಯಲ್ಲಿಟ್ಟುಕೊಂಡರೆ ಸಾಕು, ಐನೂರು ಪದ ಮೀರದ ಗೊತ್ತುವಳಿಯೊಂದನ್ನು ಕಂಪನಿಯ ಸಭೆಗೆ ತರಬಹುದಿತ್ತು. ಸಿಸ್ಟರ್‌ಗಳು ಲೆಕ್ಕ ಹಾಕಿ ಅಷ್ಟೇ ಕೊಂಡು, ಕಾದು ಕೂತರು. ನಮ್ಮಲ್ಲಿ ಇದು ನಡೆಯದು. 2013ರ ಕಂಪನಿ ಕಾಯ್ದೆಯಡಿ ಷೇರುದಾರರು ಗೊತ್ತುವಳಿ ಹಂಚಿಸಬೇಕಾದರೆ ಮತವಿರುವ ಬಂಡವಾಳದ ಹತ್ತನೇ ಒಂದು ಪಾಲು ಅವರ ಕೈಯಲ್ಲಿರಬೇಕು. ಮಠದ ಪಿಂಚಣಿ ನಿಧಿಗೆ ಅದು ಎಟುಕುವ ಮಾತಲ್ಲ.

ಈ ದಾರಿ ಹಳೆಯದು. 1971ರಲ್ಲಿ ಅಮೆರಿಕದ ಎಪಿಸ್ಕೋಪಲ್ ಚರ್ಚು ಜನರಲ್ ಮೋಟರ್ಸ್‌ನ ವಾರ್ಷಿಕ ಸಭೆಗೆ ಹೋಗಿ, ವರ್ಣಭೇದದ ದಕ್ಷಿಣ ಆಫ್ರಿಕಾದಿಂದ ಕಾಲ್ತೆಗೆಯಿರಿ ಎಂದು ಗೊತ್ತುವಳಿ ಇಟ್ಟಿತ್ತು. ಮತದಲ್ಲಿ ಸೋತಿತು. ಆದರೆ ಪಾಪದ ವ್ಯಾಪಾರದಿಂದ ದೂರ ನಿಂತು ಶಾಪ ಹಾಕುವುದಕ್ಕಿಂತ ಒಳಗೆ ಕೂತು ಲೆಕ್ಕ ಕೇಳುವುದು ಮೇಲು ಎಂಬ ಪಾಠ ಚರ್ಚುಗಳಿಗೆ ರುಚಿಸಿತು. ಅದೇ ಕಾಲಕ್ಕೆ ಹುಟ್ಟಿದ, ಐಸಿಸಿಆರ್ ಎಂದು ಹೆಸರಾದ ಸರ್ವಧರ್ಮ ಕೇಂದ್ರವೇ ಇವತ್ತಿಗೂ ಈ ಸಿಸ್ಟರ್‌ಗಳ ಬೆನ್ನಿಗಿದೆ.

ಪ್ರೆಸ್ಕಾಟ್ ಸಭೆಗೆ ಮೂರು ತಿಂಗಳ ಹಿಂದೆ, ಫೆಬ್ರುವರಿ 14ರಂದು, ಫ್ಲೋರಿಡಾದ ಪಾರ್ಕ್‌ಲ್ಯಾಂಡ್ ಪ್ರೌಢಶಾಲೆಯಲ್ಲಿ ಹದಿನೇಳು ಜನ ಗುಂಡಿಗೆ ಬಲಿಯಾಗಿದ್ದರು. ಅಲ್ಲಿ ಬಳಕೆಯಾದದ್ದು ರೂಗರ್ ಅಲ್ಲ, ಸ್ಮಿತ್ ಆ್ಯಂಡ್ ವೆಸನ್ ಕಂಪನಿಯ ಎಂ ಆ್ಯಂಡ್ ಪಿ 15. ಸೇನೆ ಮತ್ತು ಪೊಲೀಸ್ ಎಂಬುದರ ಮೊದಲಕ್ಷರಗಳನ್ನು ಹೆಸರಿಗೆ ಇಟ್ಟುಕೊಂಡ ಬಂದೂಕು ಹದಿನೆಂಟರ ಹುಡುಗನ ಕೈಗೆ ಅಂಗಡಿಯಿಂದಲೇ ಸಿಕ್ಕಿತ್ತು. ಸಿಸ್ಟರ್‌ಗಳ ಕಾಗದಪತ್ರ ಅದಕ್ಕೂ ಮುಂಚೆ ಸಿದ್ಧವಾಗಿತ್ತು. ಪಾರ್ಕ್‌ಲ್ಯಾಂಡ್ ಆದಮೇಲೆ ಅದನ್ನು ಓದುವವರು ಹುಟ್ಟಿಕೊಂಡರು, ಅಷ್ಟೇ.

ಗೊತ್ತುವಳಿಯಲ್ಲಿ ಏನಿತ್ತು ಅನ್ನುವುದಕ್ಕಿಂತ ಏನಿರಲಿಲ್ಲ ಅನ್ನುವುದನ್ನು ನೋಡಬೇಕು. ಪಾಪ, ಪಶ್ಚಾತ್ತಾಪ, ದೇವರು ಯಾವುದರ ಸುದ್ದಿಯೂ ಇಲ್ಲ. ಕಾರ್ಖಾನೆ ಮುಚ್ಚಿ ಅನ್ನಲಿಲ್ಲ, ಇಂಥ ಮಾಡೆಲ್ ನಿಲ್ಲಿಸಿ ಅನ್ನಲಿಲ್ಲ. ಕೇಳಿದ್ದು ಒಂದು ವರದಿ. ನಿಮ್ಮ ಮಾಲು ಬಳಕೆಯಾದ ಹಿಂಸಾಕೃತ್ಯಗಳ ಮೇಲೆ ನಿಗಾ ಇಟ್ಟಿದ್ದೀರಾ, ಹೆಚ್ಚು ಸುರಕ್ಷಿತ ಬಂದೂಕು ಮಾಡುವ ಪ್ರಯತ್ನ ಎಲ್ಲಿಗೆ ಬಂತು, ಇದೆಲ್ಲದರಿಂದ ಕಂಪನಿಯ ಹೆಸರಿಗೂ ಹಣಕ್ಕೂ ಇರುವ ಅಪಾಯ ಎಷ್ಟು, ಇವಿಷ್ಟನ್ನು ಬರೆದುಕೊಡಿ. ಭಾಷೆಯೆಲ್ಲ ಪೇಟೆಯದು. ನನ್ನ ಲೆಕ್ಕದಲ್ಲಿ ಸಿಸ್ಟರ್‌ಗಳ ಜಾಣತನವೆಲ್ಲ ಇರುವುದು ಇಲ್ಲೇ. ಧರ್ಮದ ಮಾತಾಡಿದ್ದರೆ ಜೊತೆಗೆ ಧರ್ಮದವರು ಮಾತ್ರ ಇರುತ್ತಿದ್ದರು. ಅಪಾಯದ ಮಾತಾಡಿದ್ದರಿಂದ ವಾಲ್‌ಸ್ಟ್ರೀಟ್ ಕೂಡ ಕಿವಿಗೊಟ್ಟಿತು.

ಅದು ಹೇಗೆಂದರೆ, ಆಗ ರೂಗರ್‌ನ ಅತಿ ದೊಡ್ಡ ಷೇರುದಾರ ಹೂಡಿಕೆ ದೈತ್ಯ ಬ್ಲ್ಯಾಕ್‌ರಾಕ್. ಹೆಚ್ಚುಕಡಿಮೆ ಆರರಲ್ಲೊಂದು ಪಾಲು ಅವರದೇ ಆಗಿತ್ತು. ಬಂದೂಕಿನ ಮೇಲೆ ಪ್ರೀತಿಯಿಂದ ಕೊಂಡದ್ದಲ್ಲ. ಇಂಡೆಕ್ಸ್ ಫಂಡು ಸೂಚ್ಯಂಕದಲ್ಲಿರುವ ಕಂಪನಿಗಳನ್ನೆಲ್ಲ ಕೊಳ್ಳಲೇಬೇಕು, ಬೇಡವೆಂದು ಮಾರುವ ಹಾಗಿಲ್ಲ. ಮಾರಲಾಗದವನಿಗೆ ಉಳಿಯುವುದು ಮತ ಒಂದೇ. ಪಾರ್ಕ್‌ಲ್ಯಾಂಡ್ ನಂತರ ಗ್ರಾಹಕರು ತಿರುಗಿಬಿದ್ದಾಗ ಬ್ಲ್ಯಾಕ್‌ರಾಕ್ ಬಂದೂಕು ಕಂಪನಿಗಳಿಗೆ ಪ್ರಶ್ನೆ ಕಳಿಸಿತು. ಪ್ರೆಸ್ಕಾಟ್‌ನಲ್ಲಿ ಅದೂ, ಇನ್ನೊಂದು ದೈತ್ಯ ವ್ಯಾನ್‌ಗಾರ್ಡ್ ಕೂಡ, ಸಿಸ್ಟರ್‌ಗಳ ಪರ ಮತ ಹಾಕಿದವು. ಎಣಿಕೆ ಮುಗಿದಾಗ ಚಲಾಯಿತ ಮತದಲ್ಲಿ ಸುಮಾರು ಶೇ 69 ಗೊತ್ತುವಳಿಯ ಪರವಾಗಿತ್ತು. ಎರಡು ಸಾವಿರ ಡಾಲರಿನವರ ಮಾತನ್ನು ಲಕ್ಷಕೋಟಿಗಳ ಫಂಡುಗಳು ಎತ್ತಿ ಹಿಡಿದಿದ್ದವು.

ಅದೇ ಸಭೆಯಲ್ಲಿ ನಿರ್ದೇಶಕರೆಲ್ಲರೂ ಮರಳಿ ಆಯ್ಕೆಯಾದರು ಅನ್ನುವುದನ್ನೂ ಹೇಳಬೇಕು. ಅವರಲ್ಲಿ ಬಂದೂಕು ಪರ ಲಾಬಿಯಾದ ಎನ್‌ಆರ್‌ಎಯ ಮಾಜಿ ಅಧ್ಯಕ್ಷೆಯೂ ಇದ್ದರು. ಲೆಕ್ಕ ಕೊಡಿ ಎಂದು ಒಂದು ಚೌಕಕ್ಕೆ ಗುರುತು ಹಾಕಿದ ಫಂಡುಗಳು, ನೀವೇ ಮುಂದುವರಿಯಿರಿ ಎಂದು ಮೇಲಿನ ಚೌಕಗಳಿಗೂ ಗುರುತು ಹಾಕಿದ್ದವು. ಮುಖ್ಯ ಕಾರ್ಯನಿರ್ವಾಹಕ ಕ್ರಿಸ್ಟೋಫರ್ ಕಿಲ್ಲಾಯ್ ಅವರ ಉತ್ತರ ಚುಟುಕಾಗಿತ್ತು: ಗೊತ್ತುವಳಿ ಕೇಳಿದ್ದು ವರದಿ, ವರದಿ ಕೊಡುತ್ತೇವೆ. ಕಾನೂನುಬದ್ಧವಾದ, ಸಂವಿಧಾನ ರಕ್ಷಿಸಿದ ನಮ್ಮ ವ್ಯವಹಾರವನ್ನು ಬದಲಿಸುವ ಶಕ್ತಿ ಅದಕ್ಕಿಲ್ಲ.

ಸೆಪ್ಟೆಂಬರಿನಲ್ಲಿ ಸ್ಮಿತ್ ಆ್ಯಂಡ್ ವೆಸನ್ ಸರದಿ. ಆಗ ಅದರ ಒಡೆತನದ ಕಂಪನಿಗೆ ಅಮೆರಿಕನ್ ಔಟ್‌ಡೋರ್ ಬ್ರ್ಯಾಂಡ್ಸ್ ಎಂಬ ಪಿಕ್‌ನಿಕ್ ಸಾಮಾನಿನ ಹೆಸರು. ಸಭೆ ಸೇರಿದ್ದು ಆನ್‌ಲೈನಿನಲ್ಲಿ. ಎದುರುಬದುರು ಮುಖವಿಲ್ಲ, ಸಭಾಂಗಣವಿಲ್ಲ. ಅಲ್ಲೂ ಗೊತ್ತುವಳಿ ಗೆದ್ದಿತು, ಸುಮಾರು ಶೇ 52.

2019ರ ಫೆಬ್ರುವರಿಯಲ್ಲಿ ಎರಡೂ ವರದಿಗಳು ಬಂದವು. ಅಚ್ಚುಕಟ್ಟಾದ ದಾಖಲೆಗಳು. ದುಷ್ಕರ್ಮಿಗಳು ನಮ್ಮ ಬಂದೂಕು ಬಳಸಿದರೆ ಹೊಣೆ ನಮ್ಮದಲ್ಲ, ಮಾರಾಟವಾದ ಮೇಲೆ ಅದರ ಬೆನ್ನು ಹತ್ತುವುದು ಆಗದ ಕೆಲಸ, ಮಾಲೀಕನ ಬೆರಳು ಗುರುತಿಸುವ ಬಂದೂಕಿಗೆ ತಂತ್ರಜ್ಞಾನವೂ ಗಿರಾಕಿಯೂ ಸಿದ್ಧವಿಲ್ಲ. ಹೆಸರಿಗೆ ಅಪಾಯವಿದೆಯೇ ಎಂಬ ಪ್ರಶ್ನೆಗೆ ಸ್ಮಿತ್ ಆ್ಯಂಡ್ ವೆಸನ್ ಕೊಟ್ಟ ಉತ್ತರವಂತೂ ಪ್ರಶ್ನೆಯನ್ನೇ ತಿರುಗಿಸಿತು. ಬಂದೂಕು ಪ್ರಿಯರಾದ ನಮ್ಮ ಗಿರಾಕಿಗಳ ನಂಬಿಕೆ ಕಳೆದುಕೊಳ್ಳುವುದೇ ನಮಗಿರುವ ದೊಡ್ಡ ಅಪಾಯ ಎಂಬುದು ಅದರ ತಾತ್ಪರ್ಯ.

ಇದು ಬರೀ ಹಟದ ಮಾತಲ್ಲ, ಸುಟ್ಟ ಕೈಯ ಮಾತು. ಇದೇ ಸ್ಮಿತ್ ಆ್ಯಂಡ್ ವೆಸನ್ 2000ದ ಮಾರ್ಚಿನಲ್ಲಿ ಕ್ಲಿಂಟನ್ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಬಂದೂಕಿಗೆ ಬೀಗ ಕೊಡುತ್ತೇವೆ, ಸ್ಮಾರ್ಟ್ ಗನ್ ಸಂಶೋಧನೆಗೆ ಹಣ ಹಾಕುತ್ತೇವೆ, ಮಾರಾಟಗಾರರ ಮೇಲೆ ಕಣ್ಣಿಡುತ್ತೇವೆ ಎಂದು ಸಹಿ ಹಾಕಿತು. ಗಿರಾಕಿಗಳು ಬಹಿಷ್ಕಾರ ಹಾಕಿದರು. ಮಾರಾಟ ಕುಸಿಯಿತು. 1852ರಷ್ಟು ಹಳೆಯ ಬೇರಿನ ಕಂಪನಿಯನ್ನು ಅದರ ಬ್ರಿಟಿಷ್ ಮಾಲೀಕರು ಮರುವರ್ಷವೇ ಬರೀ ಒಂದೂವರೆ ಕೋಟಿ ಡಾಲರಿಗೆ ಮಾರಿ ಕೈತೊಳೆದುಕೊಂಡರು. ಅಂದಿನಿಂದ ಆ ಉದ್ಯಮದಲ್ಲಿ ರಾಜಿಯ ಮಾತು ಅಪರೂಪ. ಸಿಸ್ಟರ್‌ಗಳು ಅಪಾಯವೆಂದು ಏನನ್ನು ತೋರಿಸಿದರೋ ಅದರ ತದ್ವಿರುದ್ಧವನ್ನು ಕಂಪನಿ ಅಪಾಯವೆಂದು ಬಲ್ಲುದು, ಅದೂ ಅನುಭವದಿಂದ. 2005ರಲ್ಲಿ ಅಮೆರಿಕ ಸಂಸತ್ತು ಬಂದೂಕು ತಯಾರಕರಿಗೆ ಮೊಕದ್ದಮೆಗಳಿಂದ ಕಾನೂನಿನ ರಕ್ಷಣೆಯನ್ನೂ ಕೊಟ್ಟಮೇಲೆ ಭಯ ಒಂದೇ ಕಡೆಯಿಂದ ಉಳಿಯಿತು.

ಮುಂದಿನ ವರ್ಷಗಳದ್ದು ಏಳುಬೀಳು. ಮಾನವ ಹಕ್ಕುಗಳ ನೀತಿ ರೂಪಿಸಿ ಎಂಬ ಗೊತ್ತುವಳಿ ಸ್ಮಿತ್ ಆ್ಯಂಡ್ ವೆಸನ್‌ನಲ್ಲಿ ಅರ್ಧದ ಗಡಿ ದಾಟಲಿಲ್ಲ. 2020ರಲ್ಲಿ ಷೇರುಪೇಟೆಯ ನಿಯಂತ್ರಕರು ನಿಯಮ ಬಿಗಿ ಮಾಡಿದರು. ಎರಡು ಸಾವಿರ ಡಾಲರಿನವರು ಒಂದಲ್ಲ, ಮೂರು ವರ್ಷ ಕಾಯಬೇಕು. ಒಂದೇ ವರ್ಷ ಸಾಕೆನ್ನುವವರ ಬಳಿ ಇಪ್ಪತ್ತೈದು ಸಾವಿರದ ಷೇರಿರಬೇಕು.

2022ರ ಮೇ 24ರಂದು ಟೆಕ್ಸಸ್‌ನ ಯುವಾಲ್ಡಿ ಪಟ್ಟಣದ ಪ್ರಾಥಮಿಕ ಶಾಲೆಯಲ್ಲಿ ಹತ್ತೊಂಬತ್ತು ಮಕ್ಕಳು, ಇಬ್ಬರು ಶಿಕ್ಷಕಿಯರು ಹತರಾದರು. ವಾರ ಕಳೆದು, ಜೂನ್ 1ಕ್ಕೆ, ರೂಗರ್‌ನ ವಾರ್ಷಿಕ ಸಭೆ. ಈ ಸಲ ಗೊತ್ತುವಳಿ ಕೇಳಿದ್ದು ಕಂಪನಿಯ ವ್ಯವಹಾರ ಮಾನವ ಹಕ್ಕುಗಳ ಮೇಲೆ ಬೀರುವ ಪರಿಣಾಮದ ಮೌಲ್ಯಮಾಪನ. ಶೇ 68ರಷ್ಟು ಮತ ಪರವಾಗಿ ಬಿತ್ತು. ಎಲ್ಲೋ ಮಕ್ಕಳು ಸತ್ತ ಮೇಲೆಯೇ ಫಂಡುಗಳ ಕೈ ಮೇಲೇಳುತ್ತದೆ ಎಂಬ ಅನುಮಾನ ನನಗಂತೂ ಬಿಟ್ಟಿಲ್ಲ. ಇನ್ನೊಂದು ಮಾತು. ಯುವಾಲ್ಡಿಯ ಬಂದೂಕು ಮಾಡಿದ ಡೇನಿಯಲ್ ಡಿಫೆನ್ಸ್ ಷೇರುಪೇಟೆಗೇ ಬಾರದ ಖಾಸಗಿ ಕಂಪನಿ. ಕೊಳ್ಳಲು ಷೇರಿಲ್ಲ, ಹೋಗಲು ಸಭೆಯಿಲ್ಲ, ಗುರುತು ಹಾಕಲು ಚೌಕವಿಲ್ಲ. ಸಿಸ್ಟರ್‌ಗಳ ದಾರಿ ಅದರ ಬಾಗಿಲಿಗೆ ಹೋಗುವುದೇ ಇಲ್ಲ.

2023ರ ಡಿಸೆಂಬರಿನಲ್ಲಿ ನಾಲ್ಕು ಸನ್ಯಾಸಿನಿ ಪಂಥಗಳು ಮತ ಬಿಟ್ಟು ಕೋರ್ಟಿನ ಮೆಟ್ಟಿಲು ಹತ್ತಿದವು. ಪಾರ್ಕ್‌ಲ್ಯಾಂಡ್, ಅರೋರಾ, ಸ್ಯಾನ್ ಬರ್ನಾರ್ಡಿನೊ, ಹೈಲ್ಯಾಂಡ್ ಪಾರ್ಕ್, ಸಾಮೂಹಿಕ ಹತ್ಯೆ ನಡೆದ ಈ ಎಲ್ಲ ಕಡೆ ಸ್ಮಿತ್ ಆ್ಯಂಡ್ ವೆಸನ್‌ನ ಅದೇ ಎಂ ಆ್ಯಂಡ್ ಪಿ 15 ಬಂದೂಕು. ಹೀಗೆ ಮಾಡಿ ಮಾರುವ ಮೂಲಕ ನಿರ್ದೇಶಕರು ಕಂಪನಿಯನ್ನೇ ಅಪಾಯಕ್ಕೆ ದೂಡುತ್ತಿದ್ದಾರೆ ಎಂದು, ಕಂಪನಿಯ ಪರವಾಗಿ ಅದರ ನಿರ್ದೇಶಕರ ಮೇಲೆ ದಾವೆ. ಸ್ಮಿತ್ ಆ್ಯಂಡ್ ವೆಸನ್ ನೋಂದಣಿಯಾದದ್ದು ನೆವಾಡಾದಲ್ಲಿ, ಹಾಗಾಗಿ ಕಾಗದ ಸಲ್ಲಿಕೆಯಾದದ್ದು ಲಾಸ್ ವೇಗಸ್‌ನಲ್ಲಿ. 2017ರ ಅಕ್ಟೋಬರಿನಲ್ಲಿ ಸಂಗೀತ ಕೇಳಲು ಬಂದ ಅರವತ್ತು ಜನ ಗುಂಡಿಗೆ ಬಿದ್ದ ಊರು ಅದೇ. ಕಂಪನಿ ಇದನ್ನು ಬುಡವಿಲ್ಲದ ಕಿರುಕುಳ ಎಂದಿತು. ದಾವೆ ಮುಂದುವರಿಯಬೇಕಾದರೆ ಐದು ಲಕ್ಷ ಡಾಲರಿನ ಭದ್ರತೆ ಇಡಿ ಎಂದಿತು ನ್ಯಾಯಾಲಯ. ಎರಡು ಸಾವಿರದಲ್ಲಿ ಶುರುವಾದ ಹಾದಿಗೆ ಐದು ಲಕ್ಷದ ಸುಂಕದಕಟ್ಟೆ. ಹಣ ಇಡಲಿಲ್ಲ, 2024ರಲ್ಲಿ ದಾವೆ ವಜಾ ಆಯಿತು.

ಸಿಸ್ಟರ್‌ಗಳು ಗೆದ್ದಾಗಲೂ ಗೆಲ್ಲಿಸಿದ್ದು ಫಂಡುಗಳು, ಆ ಫಂಡುಗಳಲ್ಲಿದ್ದದ್ದು ಸಾಮಾನ್ಯ ನೌಕರರ ಪಿಂಚಣಿ ದುಡ್ಡು. ತಮ್ಮ ಹೆಸರಿನಲ್ಲಿ ಮತ ಬಿದ್ದದ್ದು ಅವರಲ್ಲಿ ಹೆಚ್ಚಿನವರಿಗೆ ತಿಳಿದಿರಲಾರದು. ಪ್ರತಿ ತಿಂಗಳು ಎಸ್‌ಐಪಿ ಕಟ್ಟುವ ನಮ್ಮ ಸ್ಥಿತಿಯೂ ಅದೇ. ಸೆಬಿ ನಿಯಮದಂತೆ 2022ರ ಏಪ್ರಿಲ್‌ನಿಂದ ನಮ್ಮ ಮ್ಯೂಚುವಲ್ ಫಂಡುಗಳು, ಇಂಡೆಕ್ಸ್ ಫಂಡುಗಳೂ ಸೇರಿ, ತಾವು ಷೇರು ಹೊಂದಿದ ಕಂಪನಿಗಳ ಗೊತ್ತುವಳಿಗಳಿಗೆಲ್ಲ ಮತ ಹಾಕಲೇಬೇಕು. ಹಾಕಿದ ಮತವನ್ನು ಕಾರಣ ಸಮೇತ ಜಾಲತಾಣದಲ್ಲಿ ಪ್ರಕಟಿಸಬೇಕು. ನಿಮ್ಮ ಫಂಡಿನ ಜಾಲತಾಣದಲ್ಲಿ ಆ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ. ಯಾವ ಚೌಕಕ್ಕೆ ನಿಮ್ಮ ಗುರುತು ಬಿದ್ದಿದೆ ಎಂದು ಅಲ್ಲಿದೆ.