ಏರುವುದಕ್ಕಿಂತ ಇಳಿಯುವುದೇ ಕಠಿಣ: ಮೊಣಕಾಲಿನ ಶಸ್ತ್ರಚಿಕಿತ್ಸೆಯ ಬಳಿಕ ಅಗಸ್ತ್ಯಕೂಡ

ಮಲೆನಾಡಿನ ಹಳೆಯ ಮನೆಗಳಲ್ಲಿ ಬೆಳೆದವರಿಗೆ ಕಡವೆ ಶಿಕಾರಿಯ ಕಥೆಗಳು ಹೊಸತಲ್ಲ. ತೀರ್ಥಹಳ್ಳಿಯ ಕಡೆಯ ನಮ್ಮ ದೊಡ್ಡಪ್ಪನವರು ಶಿಕಾರಿಗೆ ಹದಿನೈದು ದಿನ ಮುಂಚಿನಿಂದಲೇ ಪ್ರತಿ ಸಂಜೆ ಮನೆಯ ಹಿಂದಿನ ಗುಡ್ಡವನ್ನು ಹತ್ತಿ ಇಳಿಯುತ್ತಿದ್ದರಂತೆ. ಕೋವಿಗೆ ಎಣ್ಣೆ ಹಾಕುವುದು ಕಡೆಯ ದಿನದ ಕೆಲಸ, ಕಾಲಿಗೆ ಎಣ್ಣೆ ಹಾಕುವುದು ಮೊದಲ ದಿನದ ಕೆಲಸ ಎಂಬುದು ಅವರ ಮಾತಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಆ ಕೋವಿ ಗೋಡೆಯಿಂದ ಕೆಳಗಿಳಿಯಲಿಲ್ಲ. ಕಾಡಿಗೆ ಹೋಗುವ ಆಸೆ ಮಾತ್ರ ನಮ್ಮ ಪೀಳಿಗೆಗೂ ಹರಿದು ಬಂದಿತು. ಕೊಚ್ಚಿಯಲ್ಲಿ ನೆಲೆಸಿದ ನಮಗೆ ಆ ಆಸೆಯ ಹೆಸರು ಅಗಸ್ತ್ಯಕೂಡ.

2023ರ ಜೂನ್ ತಿಂಗಳಲ್ಲಿ ಮಳೆಯಲ್ಲಿ ನೆನೆದ ಮೆಟ್ಟಿಲೊಂದರ ಮೇಲೆ ಜಾರಿ ನಮ್ಮ ಎಡ ಮೊಣಕಾಲು ತಿರುಚಿಕೊಂಡಿತು. ಶಸ್ತ್ರಚಿಕಿತ್ಸೆ ಅನಿವಾರ್ಯವಾಯಿತು. ಮಂಚದ ಮೇಲೆ ಮಲಗಿದ್ದಾಗಲೇ ನಾವು ವೈದ್ಯರನ್ನು ಕೇಳಿದ ಪ್ರಶ್ನೆ ಒಂದೇ: ಜನವರಿಗೆ ಬೆಟ್ಟ ಹತ್ತಬಹುದೇ? ನಮ್ಮ ಬಳಗದಲ್ಲಿ ಐವತ್ತು ದಾಟಿದ ಅನೇಕರು ಶಬರಿಮಲೆಗೋ ಕೊಡಚಾದ್ರಿಗೋ ಕುಮಾರಪರ್ವತಕ್ಕೋ ಹೋಗಬೇಕೆಂದು ಇದೇ ಪ್ರಶ್ನೆಯನ್ನು ಕೇಳುತ್ತಿರುವುದರಿಂದ, ನಾವು ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಅಗಸ್ತ್ಯಕೂಡ ಎಂಬ ಮಲೆ

ತಿರುವನಂತಪುರ ಜಿಲ್ಲೆಯ ನೆಯ್ಯಾರ್ ವನ್ಯಜೀವಿಧಾಮದ ಪರಿಸರದಲ್ಲಿ ಎದ್ದು ನಿಂತಿರುವ ಈ ಶಿಖರದ ಎತ್ತರ 1,868 ಮೀಟರ್. ಸುತ್ತಲಿನ ಅರಣ್ಯವು 2001ರಲ್ಲಿ ಅಗಸ್ತ್ಯಮಲೆ ಜೀವಗೋಳವಾಗಿ ಘೋಷಿತವಾಗಿ, 2016ರಲ್ಲಿ ಯುನೆಸ್ಕೋದ ಜಾಗತಿಕ ಜಾಲಕ್ಕೆ ಸೇರಿತು. ತಿರುವಾಂಕೂರು ಮಹಾರಾಜರ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಜಾನ್ ಆಲನ್ ಬ್ರೌನ್ ಅವರು 1855ರಲ್ಲಿ ಈ ಶಿಖರದ ಮೇಲೆ ಭೂಕಾಂತತೆಯನ್ನು ಅಳೆಯುವ ಕೇಂದ್ರವೊಂದನ್ನು ಸ್ಥಾಪಿಸಿದ್ದರು. ಉಪಕರಣಗಳನ್ನೆಲ್ಲ ಅಂದು ಹೆಗಲ ಮೇಲೆ ಹೊತ್ತು ಏರಿಸಿದವರ ಮೊಣಕಾಲುಗಳಿಗೆ ನಮಸ್ಕಾರ.

ಅರಣ್ಯ ಇಲಾಖೆಯು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಜನವರಿಯ ನಡುವಿನಿಂದ ಕೆಲವು ವಾರಗಳ ಕಾಲ, ಮಿತಿಯುಳ್ಳ ಸಂಖ್ಯೆಯಲ್ಲಿ ಅನುಮತಿ ನೀಡುತ್ತದೆ. 2018ರ ಕೇರಳ ಹೈಕೋರ್ಟಿನ ತೀರ್ಪಿನ ಬಳಿಕ ಮಹಿಳೆಯರಿಗೂ ದಾರಿ ತೆರೆಯಿತು; 2019ರ ಜನವರಿಯಲ್ಲಿ ಧನ್ಯಾ ಸನಲ್ ಅವರು ಶಿಖರ ಮುಟ್ಟಿದರು. ವಿದುರ ಪೇಟೆಯ ಆಚೆಗಿನ ಬೋಣಕ್ಕಾಡಿನಿಂದ ನಡಿಗೆ ಆರಂಭ. ಮೊದಲ ದಿನ ಅದಿರುಮಲೆಯ ಶಿಬಿರ, ಎರಡನೆಯ ದಿನ ಶಿಖರವೇರಿ ಮತ್ತೆ ಶಿಬಿರ, ಮೂರನೆಯ ದಿನ ಮರಳಿ ಬೋಣಕ್ಕಾಡು. ಒಂದು ಕಡೆಗೆ ಸುಮಾರು 20 ಕಿ.ಮೀ. ಆಗುತ್ತದೆ.

ಅದಿರುಮಲೆಗೆ ಮುನ್ನ ಕಡಿದಾದ ಏರೊಂದಿದೆ. ಅದರ ಹೆಸರು ಮುಟ್ಟಿಡಿಚ್ಚಾನ್ ತೇರಿ. ಮಲಯಾಳದಲ್ಲಿ ಮುಟ್ಟು ಎಂದರೆ ಮೊಣಕಾಲು. ಏರುವಾಗ ಮೊಣಕಾಲು ಗದ್ದಕ್ಕೆ ಬಡಿಯುವಷ್ಟು ಕಡಿದು ಎಂಬುದು ಹೆಸರಿನ ತಾತ್ಪರ್ಯ. ಶಸ್ತ್ರಚಿಕಿತ್ಸೆಯಾದವನಿಗೆ ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆಯ ಫಲಕ ಬೇಕಿಲ್ಲ.

ಮೊಣಕಾಲಿನೊಳಗೆ ನಡೆಯುವುದೇನು?

ತೊಡೆಯ ಮೂಳೆಗೂ ಅದರ ಕೆಳಗಿನ ಮೂಳೆಗೂ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿವೆ. ಇವೇ ಮೆನಿಸ್ಕಸ್. ದೇಹದ ಭಾರವನ್ನು ಹಂಚಿ ಕೊಡುವುದು ಇವುಗಳ ಕೆಲಸ. ಇವುಗಳ ಹೊರ ಅಂಚಿಗೆ ಮಾತ್ರ ರಕ್ತದ ಪೂರೈಕೆ ಇರುವುದರಿಂದ ಹರಿದದ್ದು ಕೂಡಲು ಬಹಳ ಕಾಲ ಬೇಕು. ಹರಿದ ಚೂರನ್ನು ಕತ್ತರಿಸಿ ತೆಗೆದರೆ ಕೆಲವು ವಾರಗಳಲ್ಲಿ ಓಡಾಡಬಹುದು. ಹೊಲಿದು ಜೋಡಿಸಿದರೆ ತಿಂಗಳುಗಳೇ ಬೇಕು. ನಮ್ಮದು ಹೊಲಿದ ಮೊಣಕಾಲು. ಎರಡಕ್ಕೂ ಚರ್ಮದ ಮೇಲೆ ಕಾಣುವ ರಂಧ್ರಗಳು ಒಂದೇ ಬಗೆಯವು. ಆದ್ದರಿಂದ ಹೊರಗಿನ ಗಾಯ ಮಾಗಿದ್ದನ್ನು ನೋಡಿ ಒಳಗಿನ ಕಾಲಾವಧಿಯನ್ನು ಎಣಿಸಬಾರದು.

ಹೊಲಿದ ಮೆತ್ತೆಗೆ ಶತ್ರುವೆಂದರೆ ಭಾರ ಹೊತ್ತ ಸ್ಥಿತಿಯಲ್ಲಿ ಆಳವಾಗಿ ಮಡಚುವುದು. ಕೆಲವು ತಿಂಗಳು ಕುಕ್ಕರಗಾಲಿನಲ್ಲಿ ಕೂರುವುದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಎಲೆಯ ಮುಂದೆ ಕೂರುವುದು ನಮಗೆ ನಿಷಿದ್ಧವಾಗಿತ್ತು. ಓಣಂ ಊಟಕ್ಕೆ ನಾವೊಬ್ಬರೇ ಕುರ್ಚಿಯಲ್ಲಿ.

ಮತ್ತೊಂದು ಸಂಗತಿ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಕೀಲಿನಲ್ಲಿ ಬಾವು ಇದ್ದಾಗ ತೊಡೆಯ ಮುಂಭಾಗದ ಸ್ನಾಯುವಿಗೆ ನರಗಳು ಪೂರ್ಣ ಆಜ್ಞೆಯನ್ನೇ ಕೊಡುವುದಿಲ್ಲ. ಸ್ನಾಯು ದುರ್ಬಲವಾದರೆ ಭಾರವೆಲ್ಲ ಕೀಲಿಗೆ ಬೀಳುತ್ತದೆ, ಬಾವು ಹೆಚ್ಚುತ್ತದೆ. ಈ ವಿಷವೃತ್ತವನ್ನು ಹಠದಿಂದ ಮುರಿಯಲಾಗದು. ವ್ಯಾಯಾಮದ ಮರುದಿನ ಬೆಳಿಗ್ಗೆ ಮೊಣಕಾಲು ಊದಿದ್ದರೆ ನಿನ್ನೆ ಮಾಡಿದ್ದು ಹೆಚ್ಚಾಯಿತೆಂದೇ ಅರ್ಥ. ನೋವಿನ ಮಾತ್ರೆ ನುಂಗಿ ನಡೆಯುವುದು ಈ ಸಾಕ್ಷಿಯ ಬಾಯಿ ಮುಚ್ಚಿಸಿದಂತೆ. ಮೀನಖಂಡದಲ್ಲಿ ಬಾವು, ನೋವು ಕಂಡರೆ ಅಥವಾ ಹಠಾತ್ತನೆ ಉಸಿರಾಟ ಕಷ್ಟವಾದರೆ ರಕ್ತ ಹೆಪ್ಪುಗಟ್ಟಿರಬಹುದು. ಆಗ ಒಂದು ದಿನವೂ ಕಾಯದೆ ವೈದ್ಯರಲ್ಲಿಗೆ ಹೋಗಬೇಕು.

ಕೊಚ್ಚಿಯಲ್ಲಿ ಬೆಟ್ಟವೆಲ್ಲಿ?

ಸಮತಟ್ಟಾದ ನೆಲದಲ್ಲಿ ನಡೆಯುವಾಗ ಮೊಣಕಾಲಿನ ಮೇಲೆ ದೇಹತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತದೆ. ಮೆಟ್ಟಿಲು ಇಳಿಯುವಾಗ ಅದು ಸುಮಾರು ಮೂರೂವರೆ ಪಟ್ಟಿಗೆ ಏರುತ್ತದೆ. ಏರುವಾಗ ಸೋಲುವುದು ಉಸಿರು, ಇಳಿಯುವಾಗ ಸೋಲುವುದು ಮೊಣಕಾಲು. ನಾವು ಇಷ್ಟು ವರ್ಷ ಏರುವುದನ್ನೇ ಅಭ್ಯಾಸವೆಂದು ತಿಳಿದಿದ್ದೆವು.

ಮೊದಲ ವಾರಗಳಲ್ಲಿ ಹಿಮ್ಮಡಿಯ ಕೆಳಗೆ ಮಡಚಿದ ಟವೆಲ್ ಇಟ್ಟು ಕಾಲನ್ನು ಪೂರ್ಣ ನೀಡುವುದು, ತೊಡೆಯನ್ನು ಬಿಗಿಹಿಡಿದು ಬಿಡುವುದು ಇಷ್ಟೇ ಕೆಲಸ. ಬಳಿಕ ನಿಂತಲ್ಲೇ ತುಳಿಯುವ ಸೈಕಲ್. ಅಕ್ಟೋಬರಿನಲ್ಲಿ ಮೆಟ್ಟಿಲಿಗೆ ಅನುಮತಿ ದೊರೆಯಿತು. ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೊಂದ ಕಾಲು ಮೊದಲು ಎಂಬುದು ಆರಂಭದ ನಿಯಮ. ಕಾಲು ಬಲಿತ ಮೇಲೆ ನಮ್ಮ ವಸತಿ ಸಮುಚ್ಚಯದಲ್ಲಿ ಹೊಸ ಪದ್ಧತಿಯೊಂದನ್ನು ಆರಂಭಿಸಿದೆವು: ಲಿಫ್ಟಿನಲ್ಲಿ ಏರುವುದು, ಮೆಟ್ಟಿಲಿನಲ್ಲಿ ನಿಧಾನವಾಗಿ ಇಳಿಯುವುದು. ಲಿಫ್ಟು ಇಳಿಯುವಾಗ ಮಾತ್ರ ಕೆಡುತ್ತಿದೆಯೇ ಎಂದು ಕಾವಲುಗಾರರು ವಿಚಾರಿಸಿದ್ದುಂಟು.

ಭಾನುವಾರಗಳಲ್ಲಿ ತೃಪ್ಪುಣಿತುರದ ಹಿಲ್ ಪ್ಯಾಲೇಸಿನ ಮೆಟ್ಟಿಲುಗಳು, ಉಳಿದ ದಿನ ಸುಭಾಷ್ ಪಾರ್ಕು, ಮರೈನ್ ಡ್ರೈವ್. ಬೆನ್ನಚೀಲದಲ್ಲಿ ಎರಡು ಕಿಲೋದಿಂದ ಆರಂಭಿಸಿ ಆರಕ್ಕೆ ಏರಿಸಿದೆವು. ಹೊಟ್ಟೆಯ ಸುತ್ತಲಿನ ಭಾರವನ್ನೂ ಲೆಕ್ಕಕ್ಕೆ ಹಿಡಿಯಬೇಕು: ಮೊಣಕಾಲು ನೋವಿರುವ ಸ್ಥೂಲಕಾಯರನ್ನು ಗಮನಿಸಿದ ಅಧ್ಯಯನವೊಂದರಲ್ಲಿ, ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುವುದು ಕಂಡುಬಂದಿದೆ. ನಮ್ಮ ಮನೆಯವರು ಬಾಳೆಕಾಯಿ ಚಿಪ್ಸಿನ ಡಬ್ಬವನ್ನು ಎತ್ತರದ ಕಪಾಟಿಗೆ ಸೇರಿಸಿದ್ದು ಈ ಲೆಕ್ಕದ ಮೇಲೆಯೇ.

ಪ್ರಮಾಣಪತ್ರದ ಪ್ರಶ್ನೆ

2024ರ ಜನವರಿಯಲ್ಲಿ ಮಿತ್ರರೊಂದಿಗೆ ತಿರುವನಂತಪುರಕ್ಕೆ ಹೋಗಿ, ಪರೀಕ್ಷೆಗೆಂದು 22 ಹೇರ್‌ಪಿನ್ ತಿರುವುಗಳ ಪೊನ್ಮುಡಿಯ ರಸ್ತೆಯಲ್ಲಿ ಕೆಲವು ಕಿ.ಮೀ. ಇಳಿದು ನೋಡಿದೆವು. ಅಂದು ಏನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಮೊಣಕಾಲಿನ ಚಿಪ್ಪಿನ ಅಂಚು ಕಾಣದಷ್ಟು ಬಾವು.

ಅಗಸ್ತ್ಯಕೂಡಕ್ಕೆ ಹೋಗುವವರು ದೇಹದಾರ್ಢ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರ ಒಪ್ಪಿಸಬೇಕು. ಪರಿಚಯದವರೊಬ್ಬರು ಕಾಲನ್ನು ನೋಡದೆಯೇ ಸಹಿ ಹಾಕಿಸಿಕೊಡಲು ಸಿದ್ಧರಿದ್ದರು. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಇತರರ ಸಹಿಗಳನ್ನು ಪರಿಶೀಲಿಸಿದವರು ನಾವು. ಆ ಸಹಿಯಿಂದ ಮೋಸ ಹೋಗುವವರು ಅರಣ್ಯ ಇಲಾಖೆಯವರಲ್ಲ, ಕಾಡಿನ ನಡುವೆ ನಮ್ಮನ್ನು ಹೊತ್ತು ತರಬೇಕಾದ ಕಾಣಿ ಬುಡಕಟ್ಟಿನ ಮಾರ್ಗದರ್ಶಕರು ಎಂಬ ಯೋಚನೆ ಬೆಳಗಿನ ಜಾವ ಬಂದಿತು. ಮಿತ್ರರು ಹೊರಟರು. ನಾವು ವಂಚಿನಾಡ್ ರೈಲಿನಲ್ಲಿ ಕೊಚ್ಚಿಗೆ ಮರಳಿದೆವು.

ಹಿಂತಿರುಗುವ ಜಾಗ

ಮತ್ತೊಂದು ವರ್ಷ ಮೆಟ್ಟಿಲು ಇಳಿದೆವು. ಒಂಟಿಗಾಲಿನಲ್ಲಿ ಕುರ್ಚಿಯಿಂದ ಏಳುವುದು ಎಡಗಾಲಿಗೂ ಬಲಗಾಲಿಗೂ ಸಮನಾಗಿ ಸಾಧ್ಯವಾದ ಮೇಲೆ, ವೈದ್ಯರು ಕಾಲನ್ನು ಪರೀಕ್ಷಿಸಿ ಸಹಿ ಹಾಕಿದರು. 2025ರ ಜನವರಿಯಲ್ಲಿ ಬೋಣಕ್ಕಾಡಿನಿಂದ ಹೊರಟಾಗ ಎರಡೂ ಕೈಗಳಲ್ಲಿ ಊರುಗೋಲುಗಳಿದ್ದವು. ಇಳಿಜಾರಿನಲ್ಲಿ ಇವು ಮೊಣಕಾಲಿನ ಹೊರೆಯನ್ನು ಗಣನೀಯವಾಗಿ ತಗ್ಗಿಸುತ್ತವೆ, ನಾಚಿಕೆ ಬೇಡ.

ದಾರಿಯಲ್ಲಿ ಆರೋಗ್ಯಪಚ್ಚದ ಮಾತು ಬಂದಿತು. 1987ರಲ್ಲಿ ಈ ಕಾಡಿಗೆ ಬಂದ ವಿಜ್ಞಾನಿಗಳು, ಜೊತೆಗಿದ್ದ ಕಾಣಿ ಜನರು ಅದರ ಹಣ್ಣು ತಿಂದು ದಣಿವರಿಯದೆ ನಡೆಯುವುದನ್ನು ಕಂಡರು. ಅದರಿಂದ 'ಜೀವನಿ' ಎಂಬ ಔಷಧಿ ಹುಟ್ಟಿ, ಲಾಭದ ಪಾಲು ಕಾಣಿ ಸಮುದಾಯಕ್ಕೂ ಸಂದದ್ದು ಪ್ರಸಿದ್ಧ. ಆದರೆ ಹೊಲಿದ ಮೊಣಕಾಲಿಗೆ ಯಾವ ಹಣ್ಣೂ ಅಭ್ಯಾಸದ ಬದಲಿಯಾಗದು.

ಹೊರಡುವ ಮುನ್ನವೇ ಮನೆಯಲ್ಲಿ ಒಂದು ಮಾತು ಕೊಟ್ಟಿದ್ದೆವು: ಹಗ್ಗ ಹಿಡಿದು ಬಂಡೆ ಏರುವ ಜಾಗಕ್ಕೆ ಮೊದಲೇ ನಿಲ್ಲುತ್ತೇವೆ. ಬೆಟ್ಟದ ಮೇಲೆ ನಿಂತು ಹಿಂತಿರುಗುವ ನಿರ್ಧಾರ ಮಾಡುವುದು ಕಷ್ಟ, ಅದನ್ನು ಮನೆಯಲ್ಲೇ ಮಾಡಿಕೊಂಡು ಹೋಗಬೇಕು. ಮುಟ್ಟಿಡಿಚ್ಚಾನ್ ತೇರಿಯನ್ನು ಅಡ್ಡಡ್ಡಲಾಗಿ, ಸಣ್ಣ ಹೆಜ್ಜೆಗಳಲ್ಲಿ ಏರಿದೆವು. ಎರಡನೆಯ ದಿನ ಪೊಂಗಾಲಪ್ಪಾರೆಯ ಬಂಡೆಯವರೆಗೆ ಹೋಗಿ ಕುಳಿತೆವು. ಮಿತ್ರರು ಶಿಖರಕ್ಕೆ ಹೋದರು. ನಮ್ಮೊಡನೆ ಉಳಿದ ಕಾಣಿ ಯುವಕನೊಬ್ಬ ಒದ್ದೆ ಮಣ್ಣಿನಲ್ಲಿ ಮೂಡಿದ ಕಡವೆಯ ಗೊರಸಿನ ಗುರುತನ್ನು ತೋರಿಸಿದ. ದೊಡ್ಡಪ್ಪನವರು ಇದ್ದಿದ್ದರೆ ಗುರುತಿನ ಆಳ ನೋಡಿ ಅದು ಏರುತ್ತಿತ್ತೋ ಇಳಿಯುತ್ತಿತ್ತೋ ಹೇಳುತ್ತಿದ್ದರು.

ಮೂರನೆಯ ದಿನ ಬೋಣಕ್ಕಾಡಿಗೆ ಇಳಿದು, ಮರುದಿನ ಬೆಳಿಗ್ಗೆ ತಿರುವನಂತಪುರದ ಕೋಣೆಯಲ್ಲಿ ಎದ್ದ ಕೂಡಲೇ ಮೊಣಕಾಲನ್ನು ಮುಟ್ಟಿ ನೋಡಿಕೊಂಡೆವು. ಬಾವು ಇರಲಿಲ್ಲ. ಶಿಖರ ಇನ್ನೂ ಅಲ್ಲೇ ಇದೆ. ತಾನು ಮರಳುವವರೆಗೆ ಬಾಗಿರಲು ಅಗಸ್ತ್ಯರು ವಿಂಧ್ಯನಿಗೆ ಹೇಳಿದ್ದರೆಂಬುದು ಪುರಾಣ. ನಮ್ಮಂಥವರು ಬೆಟ್ಟವನ್ನು ಕಾಯಿಸಲಾರೆವು, ನಾವೇ ಕಾಯಬೇಕು. ಮೊಣಕಾಲಿಗೂ ತನ್ನದೇ ಆದ ಪಂಚಾಂಗವಿದೆ. ಅದನ್ನು ನೋಡಿಯೇ ಹೊರಡುವ ದಿನವನ್ನು ಗೊತ್ತುಮಾಡಿಕೊಳ್ಳಬೇಕೆಂದು ಓದುಗರಲ್ಲಿ ನಮ್ಮ ಅರಿಕೆ.