ಊರು ಬಿಟ್ಟು ದುಡಿಯುವವರ ಊಟ

ಕೂಲಿ ಕೆಲಸಕ್ಕೆ ಗೋವಾ, ಪುಣೆ, ಮುಂಬೈಗೆ ಹೋಗಿ ಹತ್ತಾರು ಜನರೊಂದಿಗೆ ಶೆಡ್ಡಿನಲ್ಲಿ ಇರುವಿರಾ? ದಿನವಿಡೀ ದುಡಿದು, ಚಹಾ ಕುಡಿದು ಹಸಿವು ತಳ್ಳಿ, ರಾತ್ರಿ ಅನ್ನ, ತಿಳಿಸಾರು ಉಣ್ಣುವುದು ಹಲವರ ರೂಢಿ. ಹೊಟ್ಟೆ ತುಂಬುತ್ತದೆ, ಆದರೆ ಕಬ್ಬಿಣಾಂಶ, ಪ್ರೋಟೀನು ಸಾಲದೆ ಮೈ ಸೊರಗುತ್ತದೆ. ತಲೆಸುತ್ತು, ಏದುಸಿರು, ಸುಸ್ತು ಇದ್ದರೆ ರಕ್ತಹೀನತೆ ಇರಬಹುದು. ಬಿಸಿಲಿಗೆ ಹೀಗಾಗಿದೆ ಎಂದು ಸುಮ್ಮನಿರದೆ ರಕ್ತಪರೀಕ್ಷೆ ಮಾಡಿಸಿರಿ.

“ಬೇಳೆಕಾಳು ಕೊಳ್ಳಲು ದುಡ್ಡೆಲ್ಲಿದೆ, ಸಿಸ್ಟರ್?” ಎಂದು ಕೇಳುವಿರಿ. ಅಕ್ಕಿ, ಗೋಧಿಗೆ ಕೊಡುವ ಹಣ ಉಳಿಸಿರಿ. 2022ರ ಜೂನ್‌ನಿಂದ ‘ಒಂದು ದೇಶ ಒಂದು ಪಡಿತರ ಚೀಟಿ’ ಯೋಜನೆ ಎಲ್ಲ ರಾಜ್ಯಗಳಲ್ಲೂ ಇದೆ. ನಿಮ್ಮದು ಬಿ.ಪಿ.ಎಲ್. ಅಥವಾ ಅಂತ್ಯೋದಯ ಚೀಟಿಯಾಗಿದ್ದರೆ, ಅದರ ನಂಬರು ಇಲ್ಲವೆ ಆಧಾರ್ ನಂಬರು ಹೇಳಿ, ಬೆರಳಚ್ಚು ಕೊಟ್ಟು, ಶೆಡ್ಡಿನ ಹತ್ತಿರದ ನ್ಯಾಯಬೆಲೆ ಅಂಗಡಿಯಲ್ಲೇ ಧಾನ್ಯವನ್ನು ಉಚಿತವಾಗಿ ಪಡೆಯಬಹುದು. ನಿಮ್ಮ ಪಾಲಷ್ಟೇ ತೆಗೆದುಕೊಳ್ಳಿರಿ. ಉಳಿದದ್ದನ್ನು ಊರಿನಲ್ಲಿ ಮನೆಯವರು ಪಡೆಯುತ್ತಾರೆ. ಚೀಟಿಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಊರು ಬಿಡುವ ಮೊದಲೇ ನೋಡಿಕೊಳ್ಳಿರಿ. ಅಂಗಡಿಯವರು ಕೊಡದಿದ್ದರೆ 1967ಕ್ಕೆ ಫೋನ್ ಮಾಡಿರಿ.

ಉಳಿದ ಹಣದಲ್ಲಿ ಬೇಳೆ, ಹೆಸರುಕಾಳು, ಶೇಂಗಾ, ಮೆಂತ್ಯೆ, ರಾಜಗಿರಿ ಸೊಪ್ಪು ತನ್ನಿರಿ. ಐದಾರು ಜನ ಕೂಡಿ ಒಂದೇ ಒಲೆಯಲ್ಲಿ ಅಡಿಗೆ ಮಾಡಿದರೆ ಖರ್ಚೂ ಕಡಿಮೆ. ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಜೊತೆ ಕುಡಿದ ಚಹಾ ಅದನ್ನು ತಡೆಯುತ್ತದೆ. ಚಹಾ ಒಂದು ತಾಸು ಬಿಟ್ಟು ಕುಡಿಯಿರಿ.

ಊರಿಗೆ ಕಳಿಸುವ ಹಣ ಈ ಮೈಯಿಂದಲೇ ಬರಬೇಕು. ಅದರ ಊಟಕ್ಕೆ ಕೊರತೆ ಮಾಡಬೇಡಿರಿ.