ಕೆಟ್ಟದ್ದೆಲ್ಲ ಕಸವಲ್ಲ

ಮಕ್ಕಳೇ, ನಿಮ್ಮ ಮನೆಯ ಮಾಡದಲ್ಲಿ ಹಾಡು ನಿಲ್ಲಿಸಿದ ರೇಡಿಯೋ ಇದೆಯೇ? ಹತ್ತದ ಟಾರ್ಚು ಇದೆಯೇ? 'ಕೆಟ್ಟಿದೆ, ಎಸೆದುಬಿಡು' ಎನ್ನುವುದು ಸುಲಭ. ಆದರೆ ಅದರಲ್ಲಿ ಕೆಟ್ಟಿರುವುದು ಏನು? ಬನ್ನಿ, ನೋಡೋಣ.

ಅಕ್ಕಲಕೋಟ ಕಡೆಯ ಒಂದು ಹಳ್ಳಿ. ಸುಗ್ಗಿಯ ಕಾಲ. ಅಜ್ಜನ ಹಳೆಯ ರೇಡಿಯೋ ಒಮ್ಮೆಲೇ ಮೂಕವಾಯಿತು. ಮೊಮ್ಮಗಳು, "ಅಜ್ಜಾ, ಹೊಸದು ತರೋಣ" ಎಂದಳು. ಅಜ್ಜ ಅವಳನ್ನು ಕರೆದುಕೊಂಡು ರಿಪೇರಿ ಅಂಗಡಿಗೆ ಹೋದನು.

ಅಂಗಡಿಯವನು ಹಿಂದಿನ ಮುಚ್ಚಳ ತೆಗೆದನು. "ನೋಡು ತಂಗಿ, ರೇಡಿಯೋ ಕೆಟ್ಟಿಲ್ಲ. ಸೆಲ್ಲು ಸೋರಿ ಸ್ಪ್ರಿಂಗಿಗೆ ಜಂಗು ಹಿಡಿದಿದೆ. ಒಂದು ತಂತಿಯೂ ಕಡಿದಿದೆ. ವಿದ್ಯುತ್ತು ಮುಂದೆ ಹೋಗಲು ದಾರಿಯೇ ಇಲ್ಲ" ಎಂದನು. ಅವನು ಜಂಗು ಕೆರೆದು, ತಂತಿಗೆ ಬೆಸುಗೆ ಹಾಕಿದನು.

ಬೆಸುಗೆ ಎಂದರೇನು? ತವರ ಮತ್ತು ಸೀಸ ಬೆರೆಸಿದ ಬೆಸುಗೆ ತಂತಿ ಸುಮಾರು 183 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುತ್ತದೆ. ತಾಮ್ರ ಕರಗಲು 1,000 ಡಿಗ್ರಿಗಿಂತ ಹೆಚ್ಚು ಶಾಖ ಬೇಕು. ಆದ್ದರಿಂದ ತಾಮ್ರದ ತಂತಿ ಹಾಗೆಯೇ ಉಳಿದು, ಬೆಸುಗೆ ಮಾತ್ರ ಕರಗಿ, ಆರಿ, ಎರಡು ತುದಿಗಳನ್ನು ಕೂಡಿಸುತ್ತದೆ.

ಅನೇಕ ಸಲ ಉಪಕರಣ ನಿಲ್ಲುವುದು ಇಂಥ ಸಣ್ಣ ಭಾಗದಿಂದಲೇ. ಮೊಬೈಲಿನ ಬ್ಯಾಟರಿ ಚಾರ್ಜು ಮಾಡಿದಂತೆಲ್ಲ ಬಲ ಕಳೆದುಕೊಳ್ಳುತ್ತದೆ. ಬ್ಯಾಟರಿ ಬದಲಿಸಿದರೆ ಅದೇ ಮೊಬೈಲು ಮತ್ತೆ ಬಾಳುತ್ತದೆ. ಆದರೆ ನೀವೇ ಅದನ್ನು ಬಿಚ್ಚಬೇಡಿರಿ. ಬ್ಯಾಟರಿಗೆ ಪೆಟ್ಟಾದರೆ ಬೆಂಕಿ ಹತ್ತಬಹುದು.

ರಿಪೇರಿಯಾಗದ ವಸ್ತುಗಳೂ ಇರುತ್ತವೆ. ಅವನ್ನು ಸುಟ್ಟರೆ ವಿಷದ ಹೊಗೆ ಏಳುತ್ತದೆ. ತಿಪ್ಪೆಗೆ ಎಸೆದರೆ ಸೀಸದಂಥ ವಿಷ ಮಣ್ಣು ನೀರುಗಳಲ್ಲಿ ಸೇರುತ್ತದೆ. ಅವನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು. ಏಕೆಂದರೆ ಅವುಗಳಲ್ಲಿ ತಾಮ್ರ, ಬೆಳ್ಳಿ, ಕೊಂಚ ಚಿನ್ನವೂ ಇರುತ್ತದೆ. ಜಪಾನಿನ ಜನರು 2017 ರಿಂದ 2019 ರವರೆಗೆ ಹಳೆಯ ಮೊಬೈಲು ಮೊದಲಾದವುಗಳನ್ನು ಕೂಡಿಸಿಕೊಟ್ಟರು. ಅವುಗಳಿಂದ ತೆಗೆದ ಲೋಹಗಳಿಂದಲೇ ಟೋಕಿಯೋ ಒಲಿಂಪಿಕ್ಸಿನ ಪದಕಗಳಾದವು. 2021 ರಲ್ಲಿ ನಮ್ಮ ನೀರಜ್ ಚೋಪ್ರಾ ಭರ್ಜಿ ಎಸೆದು ಗೆದ್ದ ಚಿನ್ನದ ಪದಕವೂ ಅಂಥದ್ದೇ!

ಅಂದು ಸಂಜೆ ಅಜ್ಜನ ರೇಡಿಯೋ ಮತ್ತೆ ಮಾತಾಡಿತು. "ನಾಳೆ ಗಾಳಿಮಳೆಯಾಗುವ ಸಂಭವವಿದೆ" ಎಂದಿತು. ಅಜ್ಜ, ಮೊಮ್ಮಗಳು ಕಣಕ್ಕೆ ಓಡಿ ಜೋಳದ ರಾಶಿಗೆ ತಾಡಪತ್ರಿ ಹೊದಿಸಿದರು. ಮರುದಿನ ಮಳೆ ಬಂತು, ಜೋಳ ಉಳಿಯಿತು.

ಮಕ್ಕಳೇ, ಬಹಳ ದಿನ ಬಳಸದ ಟಾರ್ಚು, ರೇಡಿಯೋಗಳಿಂದ ಸೆಲ್ಲು ತೆಗೆದಿಡಿರಿ. ಏನಾದರೂ ಕೆಟ್ಟರೆ ಮೊದಲು ಕೇಳಿರಿ: 'ಇದರಲ್ಲಿ ಕೆಟ್ಟಿರುವುದು ಏನು?'